ಅವರೆಕಾಳಿನ ಹುಗ್ಗಿ
(ಶ್ರೀಮಠದ ಸುವರ್ಣ ಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ನಿನ್ನೆಯಿಂದ ಈ ಮಂಟಪದಲ್ಲಿ ಶಾಸ್ತ್ರ, ಸಾಹಿತ್ಯ, ಇತಿಹಾಸಗಳನ್ನು ಕುರಿತು ಗಂಭೀರವಾದ ಉಪನ್ಯಾಸಗಳು ನಡೆದಿವೆ. ನಾನೂ ಷಟ್‌ಸ್ಥಲವನ್ನು ಕುರಿತು ಮಾತನಾಡಬೇಕೆಂದು ಮೊದಲು ಅಪ್ಪಣೆಯಾಗಿದ್ದಿತು. ಶ್ರೀಗಳವರಲ್ಲಿ ಬಿನ್ನವಿಸಿಕೊಂಡು ವಿಷಯವನ್ನು ಬದಲಿಸಿಕೊಂಡೆನು. ಇದಕ್ಕೆ ಕಾರಣವುಂಟು. ಮಹೋತ್ಸವದ ಸಿದ್ಧತೆಗಾಗಿ ಸೇರಿದ್ದ ಸಭೆಯಲ್ಲಿ ಭಕ್ತರು ಕೆಲವರು, ಈ ಸಲ ದಾಸೋಹದಲ್ಲಿ ಹುಗ್ಗಿ ಬೇಡ, ಅದು ಮನೆಮನೆಯ ಊಟ, ಉತ್ಸವಕ್ಕೆ ಹತ್ತು ಬಗೆಯ ಭಕ್ಷ್ಯಗಳಾಗಲಿ ಎಂದು ಪ್ರೀತಿಯಿಂದಲೇ ಸೂಚಿಸಿದರು. “ಹುಗ್ಗಿಯಲ್ಲಿ ಏನಿದೆ? ಅಕ್ಕಿ, ಕಾಳು, ನೀರು” ಎಂದು ಒಬ್ಬರು ನಕ್ಕರು. ಅಂದು ನಾನು ಉತ್ತರ ಹೇಳಲಿಲ್ಲ. ಇಂದು ಹೇಳಬೇಕೆಂದು ನಿಂತಿದ್ದೇನೆ.

ಹುಗ್ಗಿಯೆಂಬ ಹೆಸರು ನಮ್ಮ ನಾಡಿನಲ್ಲಿ ಎಲ್ಲೆಡೆಯೂ ಒಂದೇ ಅರ್ಥವನ್ನು ಕೊಡುವುದಿಲ್ಲ. ಉತ್ತರದ ಸೀಮೆಯಲ್ಲಿ ಗೋದಿಯನ್ನು ಕುಟ್ಟಿ ಬೆಲ್ಲ ಹಾಕಿ ಮಾಡಿದ ಸಿಹಿಯೇ ಹುಗ್ಗಿ. ನಮ್ಮ ಈ ಸೀಮೆಯಲ್ಲಿ ಅಕ್ಕಿಯೂ ಬೇಳೆಯೂ ಒಂದೇ ಪಾತ್ರೆಯಲ್ಲಿ ಬೆಂದು ಕೂಡಿದುದು ಹುಗ್ಗಿ. ಅದಕ್ಕೆ ಅವರೆಕಾಳು ಸೇರಿದರೆ ಅವರೆಕಾಳಿನ ಹುಗ್ಗಿ. ಈ ಪಾಕ ಹೊಸದಲ್ಲ. ಸಂಸ್ಕೃತದಲ್ಲಿ ಇದರ ಬಳಗಕ್ಕೆ ಕೃಸರವೆಂದು ಹೆಸರು. ೧೬ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ, ಅಕ್ಕಿಯನ್ನು ಬೇಳೆಯೊಡನೆ ಕೂಡಿಸಿ ಉಪ್ಪು, ಶುಂಠಿ, ಇಂಗು ಸೇರಿಸಿ ನೀರಿನಲ್ಲಿ ಬೇಯಿಸಿದುದನ್ನು ಈ ಹೆಸರಿನಿಂದ ಕರೆದಿದ್ದಾನೆ. ಅದು ಬಲಕರವಾದುದೆಂದೂ ಜೀರ್ಣಕ್ಕೆ ಭಾರವಾದುದೆಂದೂ ಹೇಳಿದ್ದಾನೆ. ನಮ್ಮ ತಾಯಂದಿರು ಹುಗ್ಗಿಗೆ ಮೆಣಸು, ಜೀರಿಗೆ, ಶುಂಠಿ, ಇಂಗುಗಳನ್ನು ತಪ್ಪದೆ ಹಾಕುವುದು ಆ ಭಾರವನ್ನು ಇಳಿಸುವುದಕ್ಕಾಗಿಯೇ. ೧೪ನೆಯ ಶತಮಾನದಲ್ಲಿ ಭರತಖಂಡಕ್ಕೆ ಬಂದ ಇಬ್ನ್ ಬತೂತನೆಂಬ ಯಾತ್ರಿಕನು, ಇಲ್ಲಿಯ ಜನರು ಹೆಸರನ್ನು ಅಕ್ಕಿಯೊಡನೆ ಬೇಯಿಸಿ ತುಪ್ಪದೊಡನೆ ಬೆಳಗಿನ ಹೊತ್ತು ಉಣ್ಣುವರೆಂದು ಬರೆದಿಟ್ಟಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ, ಬಳ್ಳಾರಿಯ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಹೆಸರು, ಹುರುಳಿಗಳ ಕಾಳುಗಳು ದೊರೆತಿವೆ. ಅವು ಮೂರು ಸಾವಿರ ವರ್ಷಗಳಿಗೂ ಹಿಂದಿನವು. ಕನ್ನಡದ ವಿದ್ವಾಂಸರೂ ಪಾಕವನ್ನು ಕೀಳೆಂದು ಎಣಿಸಿದವರಲ್ಲ. ೧೧ನೆಯ ಶತಮಾನದ ಚಾವುಂಡರಾಯನು ಲೋಕೋಪಕಾರದಲ್ಲಿ ಅಡಿಗೆಗೆಂದೇ ಒಂದು ಅಧ್ಯಾಯವನ್ನಿಟ್ಟನು. ೧೬ನೆಯ ಶತಮಾನದ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ರಚಿಸಿದನು. ಆದುದರಿಂದ ಈ ವೇದಿಕೆಯ ಮೇಲೆ ಒಲೆಯ ಮಾತನ್ನಾಡಲು ನನಗೆ ಸಂಕೋಚವಿಲ್ಲ.

ಇನ್ನು ಅವರೆಯ ಮಾತು. ನಮ್ಮ ರೈತರು ರಾಗಿಯ ಹೊಲದಲ್ಲಿ ಅಕ್ಕಡಿಯ ಸಾಲು ಬಿಟ್ಟು ಅವರೆಯನ್ನು ಬಿತ್ತುವರು. ಹಗಲು ಕುಗ್ಗುವ ಕಾಲಕ್ಕೆ ಅದು ಹೂವಾಗಿ, ಮಾರ್ಗಶಿರ ಪುಷ್ಯಗಳ ಇಬ್ಬನಿಯಲ್ಲಿ ಕಾಯಿ ತುಂಬುವುದು. ಆ ಕಾಲದ ಕಾಯಿಯನ್ನು ಮುಟ್ಟಿದ ಕೈಯಲ್ಲಿ ಸೊಗಡು ನಿಲ್ಲುವುದು. ಸೊಗಡವರೆಯೆಂಬ ಹೆಸರು ಬಂದುದು ಅದರಿಂದಲೇ. ಈಗ ಹೆಬ್ಬಾಳದ ಅವರೆಯೆಂಬ ತಳಿಗಳು ಬಂದು, ಹಗಲಿನ ಅಳತೆಯನ್ನು ನೋಡದೆ ವರ್ಷವೆಲ್ಲ ಕಾಯಿ ಬಿಡುತ್ತವೆ. ಅದು ರೈತನಿಗೆ ಉಪಕಾರವೇ ಸರಿ. ಆದರೂ ನಾಲಗೆ ಇಬ್ಬನಿಯ ಕಾಯಿಯನ್ನು ಮರೆಯದು.

ಮನೆಯ ಅಳತೆಯನ್ನು ಹೇಳುತ್ತೇನೆ. ಮಾತೆಯರು ತಪ್ಪಿದ್ದರೆ ತಿದ್ದಬೇಕು. ಅಕ್ಕಿ ೨ ಪಾವು, ಹೆಸರುಬೇಳೆ ೧ ಪಾವು, ಬಿಡಿಸಿದ ಅವರೆಕಾಳು ೨ ಪಾವು, ನೀರು ೧೨ ಪಾವು. ಬೇಳೆಯನ್ನು ಪರಿಮಳ ಏಳುವವರೆಗೆ ಬರಿಯ ಪಾತ್ರೆಯಲ್ಲಿ ಹುರಿದು ತೆಗೆದಿಡುವುದು. ನೀರು ಕುದಿ ಬಂದಾಗ ಕಾಳನ್ನು ಹಾಕುವುದು. ಕಾಳು ಬೆರಳ ನಡುವೆ ಮೆತ್ತಗೆ ಹಿಸುಕುವಂತಾದ ಮೇಲೆ ಅಕ್ಕಿ ಬೇಳೆಗಳನ್ನು ತೊಳೆದು ಸುರಿಯುವುದು. ಅಕ್ಕಿ ಅರಳಿದ ಮೇಲೆ ಉಪ್ಪು, ಜಜ್ಜಿದ ಶುಂಠಿ, ತುರಿದ ಕಾಯಿ ಸೇರಿಸಿ, ಬೆಂಕಿಯನ್ನು ಹಿಂದಕ್ಕೆ ಎಳೆದು, ಕೆಂಡದ ಮೇಲೆ ಮುಚ್ಚಿಡುವುದು. ಕಡೆಗೆ ತುಪ್ಪದಲ್ಲಿ ಮೆಣಸು, ಜೀರಿಗೆ, ಇಂಗು, ಕರಿಬೇವುಗಳ ಒಗ್ಗರಣೆ. ಹುಳಿ ಬೇಕೆನ್ನುವವರು ಗೊಜ್ಜನ್ನು ಬೇರೆ ಮಾಡಿಕೊಳ್ಳುವುದು ಮೇಲು. ಹುಣಸೆಯ ಹುಳಿ ಮೊದಲೇ ಬಿದ್ದರೆ ಕಾಳು ಬಿರುಸಾಗಿಯೇ ಉಳಿಯುವುದು.

ಹಸಿಯ ಕಾಳಿಗೆ ಇಷ್ಟು ಸಾಕು. ಒಣಗಿದ ಕಾಳಿಗೆ ಸಾಲದು. ಹಿಂದಿನ ರಾತ್ರಿಯೇ ನೆನೆಯಿಟ್ಟು, ೮ ರಿಂದ ೧೦ ಗಂಟೆಗಳ ಕಾಲ ಬಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ಇಲ್ಲಿಯೇ ನಾನು ಎಡವಿದುದು. ಆ ಸಂಗತಿಯನ್ನು ಈವರೆಗೆ ಸಭೆಯಲ್ಲಿ ಹೇಳಿದವನಲ್ಲ.

೧೯೮೯ನೆಯ ಇಸವಿಯ ಶಿವರಾತ್ರಿ. ನಾನಾಗ ಪಾಠಶಾಲೆಯ ವಿದ್ಯಾರ್ಥಿ. ವ್ಯಾಕರಣದಲ್ಲಿ ಮೊದಲಿಗನೆಂಬ ಹೆಮ್ಮೆ ನನ್ನಲ್ಲಿತ್ತು. ದಾಸೋಹದ ಅಡಿಗೆಯನ್ನು ನೋಡುತ್ತಿದ್ದ ಅಯ್ಯನವರಿಗೆ ಜ್ವರ ಬಂದು ಮಲಗಿದ್ದರು. ಮರುದಿನ ಬೆಳಗಿನ ಹುಗ್ಗಿಯ ಹೊಣೆ ನನ್ನ ಮೇಲೆ ಬಿದ್ದಿತು. ನಾನು ಜಾಗರಣೆಯ ಸಭೆಯಲ್ಲಿ ವಾದ ಮಾಡುತ್ತ ಕುಳಿತು, ಕಾಳನ್ನು ನೆನೆಯಿಡುವುದನ್ನು ಮರೆತು, ನಡುರಾತ್ರಿ ಕಳೆದ ಮೇಲೆ ನೆನೆಯಿಟ್ಟೆನು. ಹೊತ್ತು ಮೀರುವುದೆಂಬ ಭಯದಿಂದ ಕಾಳು, ಅಕ್ಕಿ, ಬೇಳೆ ಮೂರನ್ನೂ ಒಟ್ಟಿಗೆ ಕೊಪ್ಪರಿಗೆಗೆ ಸುರಿದೆನು. ಅಕ್ಕಿ ನೀರನ್ನೆಲ್ಲ ಕುಡಿದು ಗಟ್ಟಿಯಾಯಿತು, ಅಡಿ ಹತ್ತತೊಡಗಿತು. ಒಂದು ಅಗುಳನ್ನು ಹಿಸುಕಿ ನೋಡಿದೆನು, ಬೆಣ್ಣೆಯಂತಿತ್ತು. ಒಂದು ಕಾಳನ್ನೂ ಹಿಸುಕಿದೆನು, ಅದೂ ಬೆಂದಿದ್ದಿತು. ಪಾಕವಾಯಿತೆಂದು ಸಾರಿ ಎಲೆ ಹಾಕಿಸಿದೆನು.

ಹಿಂದಿನ ಹಗಲೂ ರಾತ್ರಿಯೂ ಉಪವಾಸವಿದ್ದ ಜನ ಪಂಕ್ತಿಯಲ್ಲಿ ಕುಳಿತಿದ್ದರು. ನಾನು ಬಡಿಸುತ್ತ ಹೋದೆನು. ಕಂಬದ ಪಕ್ಕದಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಕುಳಿತಿದ್ದಳು. ಎರಡನೆಯ ಸಲ ಬಡಿಸಲು ಬಂದಾಗ ಅವಳ ಎಲೆಯನ್ನು ನೋಡಿದೆನು. ಎಲೆಯ ತುದಿಯಲ್ಲಿ ಕಾಳುಗಳು ಸಾಲಾಗಿ ಕುಳಿತಿದ್ದುವು. ಬಾಯಿಂದ ಒಂದೊಂದಾಗಿ ತೆಗೆದು, ಯಾರ ಕಣ್ಣಿಗೂ ಬೀಳದಂತೆ ಅಂಚಿನಲ್ಲಿ ಇಟ್ಟಿದ್ದಳು. “ಇನ್ನಷ್ಟು ಬಡಿಸಲೇ ತಾಯಿ?” ಎಂದೆನು. ಅವಳು ಎಲೆಯ ಮೇಲೆ ಕೈ ಅಡ್ಡವಿಟ್ಟು, “ಸಾಕು ಬುದ್ಧಿ, ತೃಪ್ತಿಯಾಯಿತು” ಎಂದಳು. ಹಸಿದಿದ್ದಳೆಂಬುದು ಅವಳ ಮುಖದಲ್ಲಿ ಕಾಣುತ್ತಿದ್ದಿತು. ಆ ಕಾಳುಗಳನ್ನೂ ಅವಳು ಎಲೆಯಲ್ಲಿ ಬಿಡಲಿಲ್ಲ. ಪ್ರಸಾದವೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು.

ಸಂಜೆ ಅಯ್ಯನವರ ಬಳಿಗೆ ಹೋಗಿ ತಪ್ಪೊಪ್ಪಿಕೊಂಡೆನು. “ಅಯ್ಯನವರೇ, ಹಿಸುಕಿ ನೋಡಿಯೇ ಇಳಿಸಿದೆ” ಎಂದೆನು. ಅವರು ಮಲಗಿದ್ದಲ್ಲಿಂದಲೇ, “ಎಷ್ಟು ಕಾಳು ನೋಡಿದೆ, ಮರಿ?” ಎಂದು ಕೇಳಿದರು. ಒಂದು ಎಂದೆನು. “ಅಕ್ಕಿ ಒಂದೇ ಮೂಟೆಯದು, ಒಂದಗುಳು ಸಾಕು. ಈ ಕಾಳು ಯಾವ ಹೊಲದ್ದು?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಹೇಳಿದರು: “ನೂರು ಮನೆಯವರು ಸೇರು ಸೇರಾಗಿ ತಂದು ಸುರಿದ ಕಾಳು ಇದು. ಇದರಲ್ಲಿ ಈ ವರ್ಷದ್ದೂ ಉಂಟು, ಹೋದ ವರ್ಷದ್ದೂ ಉಂಟು. ಬಡವರ ಮನೆಯ ಗುಡಾಣದಲ್ಲಿ ಬಿತ್ತನೆಗೆಂದು ಉಳಿಸಿಟ್ಟು, ಕಡೆಗೆ ಮಠಕ್ಕೆ ತಂದುದೂ ಉಂಟು. ಅಕ್ಕಿ ಓಡುವ ಹುಡುಗ, ಕಾಳು ನಡೆಯುವ ಮುದುಕ. ಇಬ್ಬರೂ ಒಟ್ಟಿಗೆ ಊರು ಸೇರಬೇಕಾದರೆ ಮುದುಕನನ್ನು ಮೊದಲು ಹೊರಡಿಸಬೇಕು. ಕಾಳನ್ನು ನೋಡುವಾಗ ಕೊಪ್ಪರಿಗೆಯ ಏಳು ಕಡೆಯಿಂದ ಏಳು ಕಾಳು ತೆಗೆ. ಆರು ಬೆಂದು ಒಂದು ಬೇಯದಿದ್ದರೆ ಹುಗ್ಗಿ ಬೆಂದಿಲ್ಲ.”

ಅವರು ಅನುಭವದಿಂದ ಅರಿತುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಸೆಕೆ ತೇವಗಳಲ್ಲಿ ಬಹುಕಾಲ ಇದ್ದ ಕಾಳು ಒಳಗೇ ಬಿರುಸಾಗಿ, ಎಷ್ಟು ಬೇಯಿಸಿದರೂ ಮೆತ್ತಗಾಗಲು ಹೊತ್ತು ಹಿಡಿಯುವುದು. ಸುಣ್ಣದ ಅಂಶವುಳ್ಳ ಗಡಸುನೀರು ಕಾಳಿನ ಗೋಡೆಯನ್ನು ಬಿಗಿಯುವುದು. ಕೆರೆಯ ನೀರಿನಲ್ಲಿ ಬೇಗ ಬೇಯುವ ಬೇಳೆ ಕೊಳವೆಬಾವಿಯ ನೀರಿನಲ್ಲಿ ತಡವಾಗುವುದು ಇದರಿಂದಲೇ. ಅಡಿಗೆಯ ಸೋಡ ಹಾಕಿದರೆ ಕಾಳು ಬೇಗ ಬೇಯುವುದು ನಿಜ. ಆದರೆ ಅದರಲ್ಲಿರುವ ಥಯಮಿನ್ ಎಂಬ ಜೀವಸತ್ವ ನಾಶವಾಗುವುದು. ಅವಸರದಿಂದ ಉಳಿಸಿದ ಹೊತ್ತಿಗೆ ಉಣ್ಣುವವನೇ ಬೆಲೆ ತೆರುವನು. ಅಕ್ಕಿಯಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಹೇರಳ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ; ಅಕ್ಕಿ ಅದನ್ನು ತುಂಬಿಕೊಡುವುದು. ಒಂದರ ಕೊರತೆಯನ್ನು ಇನ್ನೊಂದು ನೀಗುವುದರಿಂದಲೇ ಹುಗ್ಗಿ ಬಡವನ ಪೂರ್ಣಾಹಾರವಾಗಿದೆ.

ಬೆಂದ ಕಾಳನ್ನು ಕೊಟ್ಟ ಮುದುಕಿಯಿಂದ ಬೆಂಗಳೂರಿಗೆ ಹೆಸರು ಬಂದಿತೆಂದು ಕಥೆಯುಂಟು. ಹೊಯ್ಸಳ ಬಲ್ಲಾಳನ ಕಾಲಕ್ಕಿಂತ ಬಹಳ ಮುಂಚೆಯೇ, ೯ನೆಯ ಶತಮಾನದ ಬೇಗೂರಿನ ಶಾಸನದಲ್ಲಿ ಆ ಹೆಸರು ಇರುವುದರಿಂದ ಕಥೆಯನ್ನು ಇತಿಹಾಸವೆಂದು ಒಪ್ಪಲಾಗದು. ಆದರೆ ಹಸಿದ ರಾಜನಿಗೆ ಮುದುಕಿ ಕೊಟ್ಟ ಕಾಳು ಬೆಂದಿದ್ದಿತೆಂಬುದನ್ನು ಕಥೆ ಮರೆಯದೆ ಹೇಳುತ್ತದೆ. ನಾನು ಹಸಿದ ಮುದುಕಿಗೆ ಕೊಟ್ಟ ಕಾಳು ಬೆಂದಿರಲಿಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಚರಿತ್ರೆ ತಮಗೆ ತಿಳಿದುದೇ. ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆ ಮಹಾತಾಯಿ ಹಿಂದಕ್ಕೆ ಕಳುಹಿಸಿದಳು. ದಾಸೋಹದಲ್ಲಿ ಎಷ್ಟು ಬಂದಿತೆಂಬುದಕ್ಕಿಂತ ಹೇಗೆ ಬಂದಿತೆಂಬುದು ದೊಡ್ಡದೆಂದು ಆಕೆ ತೋರಿಸಿದಳು. ಅದಕ್ಕೆ ನಾನು ಒಂದನ್ನು ಸೇರಿಸಿಕೊಂಡಿದ್ದೇನೆ: ಎಷ್ಟು ಬಗೆ ಬಡಿಸಿದೆವೆಂಬುದಕ್ಕಿಂತ ಬಡಿಸಿದುದು ಕೊನೆಯವನಿಗೂ ಸಂದಿತೇ ಎಂಬುದು ದೊಡ್ಡದು. ಹತ್ತು ಭಕ್ಷ್ಯಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಮರೆಸುವುದು. ಹುಗ್ಗಿಯಲ್ಲಿ ಮರೆಯಿಲ್ಲ. ಕೊಪ್ಪರಿಗೆ ಒಂದೇ, ಸಿರಿವಂತನಿಗೂ ಬಡವನಿಗೂ ಅದೇ ಸೌಟು, ಅತಿ ಬಿರುಸಾದ ಕಾಳು ಬೇಯುವವರೆಗೆ ಮಿಕ್ಕವೆಲ್ಲ ಕಾಯಲೇಬೇಕು. ಪಾಠಶಾಲೆಯೂ ಹಾಗೆಯೇ. ಮೂವತ್ತು ವರ್ಷ ಪಾಠ ಹೇಳಿದ ನಾನು, ಮುಂದಿನ ಸಾಲಿನ ಜಾಣನೊಬ್ಬನನ್ನು ಪ್ರಶ್ನೆ ಕೇಳಿ ತರಗತಿಯೆಲ್ಲ ಬೆಂದಿತೆಂದು ತಿಳಿದ ದಿನಗಳುಂಟು. ಆಗೆಲ್ಲ ಆ ಎಲೆಯ ಅಂಚು ಕಣ್ಣ ಮುಂದೆ ಬಂದು, ಹಿಂದಿನ ಸಾಲಿಗೆ ಹೋಗಿ ಕೇಳಿದ್ದೇನೆ.

“ಅಕ್ಕಿ, ಕಾಳು, ನೀರು” ಎಂದವರು ತಪ್ಪು ಹೇಳಲಿಲ್ಲ. ಕಾಯುವುದೆಂಬ ನಾಲ್ಕನೆಯದನ್ನು ಎಣಿಸಲಿಲ್ಲ, ಅಷ್ಟೆ.

ನಾಳೆಯ ದಾಸೋಹದಲ್ಲಿ ಭಕ್ಷ್ಯಗಳೂ ಇರಲಿ, ಮೊದಲ ಸೌಟು ಹುಗ್ಗಿಯದಾಗಲಿ ಎಂದು ಶ್ರೀಗಳವರು ಅಪ್ಪಣೆ ಕೊಡಿಸಿದ್ದಾರೆ. ಈಗ ಮಾಘ ಮಾಸ. ಹಸಿಯವರೆಯ ಕಾಲ ಮುಗಿಯುತ್ತ ಬಂದಿದೆ. ಉಗ್ರಾಣದಲ್ಲಿರುವುದು ನೂರಾರು ಮನೆಗಳಿಂದ ಬಂದ ಒಣಕಾಳು. ಆದುದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಇಂದಿನ ಸಭೆ ಎಷ್ಟೇ ಸ್ವಾರಸ್ಯವಾಗಿದ್ದರೂ ದೀಪ ಹಚ್ಚುವ ಹೊತ್ತಿಗೆ ಎದ್ದು ಬಂದು ಕಾಳನ್ನು ಆರಿಸಿ ನೆನೆಯಿಡಬೇಕು. ಬೆಳಗಿನ ಜಾವ ನಾಲ್ಕು ಗಂಟೆಗೆ ಕೊಪ್ಪರಿಗೆ ಏರುವುದು. ನಾನು ಅಲ್ಲಿಯೇ ಇರುವೆನು. ಏಳು ಕಾಳು ನೋಡದೆ ಯಾರೂ ಅಕ್ಕಿಯನ್ನು ಮುಟ್ಟಬಾರದು.