ಕಟಕಟೆಗೆ ಬಾರದ ತಜ್ಞ



ವಿಜ್ಞಾನದ ಬಗ್ಗೆ ಮಾತನಾಡುವ ಅರ್ಹತೆ ನನಗಿಲ್ಲ. ಪಿಯುಸಿಯಲ್ಲಿ ಓದಿದ್ದು ಕಲಾ ವಿಭಾಗ. ಆಮೇಲೆ ಕಾನೂನು, ಕರಿಕೋಟು, ಪೀಠ. ನನ್ನ ಜೊತೆಯ ಹಲವು ನ್ಯಾಯಾಧೀಶರು ಬಂದದ್ದೂ ಇದೇ ದಾರಿಯಲ್ಲಿ. ಹಾಗಾಗಿ ಇಂದಿನ ಮಾತನ್ನು ನನ್ನದೇ ಒಂದು ತೀರ್ಪಿನಿಂದ ಶುರುಮಾಡುತ್ತೇನೆ.

ಸೆಷನ್ಸ್ ನ್ಯಾಯಾಧೀಶನಾದ ಹೊಸತು. ಕೊಲೆ ಪ್ರಕರಣ. ಆರೋಪಿಯ ಹಿತ್ತಿಲಿನಲ್ಲಿ ಜಪ್ತಿಯಾದ ಮಚ್ಚಿನ ಮೇಲೆ ಒ ಗುಂಪಿನ ರಕ್ತ. ಸತ್ತವನದೂ ಒ ಗುಂಪು. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಒಂದೂವರೆ ಪುಟವಿತ್ತು. ಅದರ ಬಗ್ಗೆ ತೀರ್ಪಿನಲ್ಲಿ ನಾನು ಬರೆದದ್ದು ಒಂದೇ ವಾಕ್ಯ: ‘ವೈಜ್ಞಾನಿಕ ಸಾಕ್ಷ್ಯವು ಪ್ರಾಸಿಕ್ಯೂಷನ್ ವಾದವನ್ನು ಪುಷ್ಟೀಕರಿಸುತ್ತದೆ.’ ನಮ್ಮ ಜನರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರದು ಒ ಗುಂಪು. ಆರೋಪಿಯದು ಯಾವ ಗುಂಪು? ಕಡತದಲ್ಲಿರಲಿಲ್ಲ. ಸರ್ಕಾರಿ ವಕೀಲರು ಹೇಳಲಿಲ್ಲ, ಆರೋಪಿಯ ವಕೀಲರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಬೇರೆ ಸಾಕ್ಷ್ಯ ಗಟ್ಟಿಯಾಗಿತ್ತು, ಮೇಲ್ಮನವಿಯಲ್ಲೂ ಶಿಕ್ಷೆ ಉಳಿಯಿತು. ಆದರೆ ಆ ಒಂದು ವಾಕ್ಯ ಕಾಲಲ್ಲಿ ಮುರಿದ ಮುಳ್ಳಿನ ಹಾಗೆ ಇವತ್ತಿಗೂ ಚುಚ್ಚುತ್ತದೆ.

ಕೇಳಬಹುದಿತ್ತೇ? ಧಾರಾಳವಾಗಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 329, ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು ಅವರು ಸಾಕ್ಷಿ ನುಡಿಯದೆಯೇ ಸಾಕ್ಷ್ಯವಾಗಿ ಬಳಸಲು ಬಿಡುತ್ತದೆ. ಅದೇ ಕಲಂ ಮುಂದುವರಿದು, ಸೂಕ್ತವೆಂದು ಕಂಡರೆ ನ್ಯಾಯಾಲಯ ಆ ತಜ್ಞರನ್ನು ಕರೆಸಿ ವಿಚಾರಿಸಬಹುದು ಎನ್ನುತ್ತದೆ. ಇನ್ನು 1872ರ ಸಾಕ್ಷ್ಯ ಅಧಿನಿಯಮದ 165ನೇ ಕಲಂ ಯಾವ ಸಾಕ್ಷಿಗೆ ಯಾವ ಪ್ರಶ್ನೆಯನ್ನಾದರೂ ಕೇಳುವ ಅಧಿಕಾರವನ್ನು ನ್ಯಾಯಾಧೀಶನಿಗೆ ಕೊಟ್ಟಿತ್ತು. ಹೊಸ ಕಾನೂನಿನಲ್ಲೂ ಅದು ಇದೆ. ‘ಸೂಕ್ತವೆಂದು ಕಂಡರೆ’ ಎಂಬ ಮಾತನ್ನು ಗಮನಿಸಿ. ಕಾಣುವುದು ಹೇಗೆ? ವರದಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ತಿಳಿಯದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನ್ಯಾಯಾಧೀಶರಿಗೆ ವಿಜ್ಞಾನದ ತರಬೇತಿ ಬೇಕು ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಇಷ್ಟೇ: ಯಾವ ವರದಿಯ ತಜ್ಞರನ್ನು ಕಟಕಟೆಗೆ ಕರೆಸಬೇಕು ಎಂಬ ವಿವೇಚನೆ. ಡಿಎನ್‌ಎ ಪರೀಕ್ಷೆ ಮಾಡಲು ಕಲಿಯುವುದಲ್ಲ.

ಲಕ್ಷ್ಯವಿಲ್ಲದ್ದು ನನ್ನ ತಪ್ಪಾದರೆ, ಅತಿ ಭಕ್ತಿ ಇನ್ನೊಂದು ಬಗೆಯದು. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವಲಂಬಿಸಿದ ಸಾಕ್ಷ್ಯಗಳಲ್ಲಿ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆಯೂ ಒಂದು. ತಲೆಗೆ ತಂತಿಗಳ ಟೋಪಿ ತೊಡಿಸಿ, ಘಟನೆಯ ವಾಕ್ಯಗಳನ್ನು ಕೇಳಿಸಿ, ಅದು ಆಕೆಯ ‘ಅನುಭವದ ನೆನಪು’ ಹೌದೋ ಅಲ್ಲವೋ ಎಂದು ಯಂತ್ರ ಹೇಳುತ್ತದಂತೆ. ಈ ವಿಧಾನವನ್ನು ರೂಪಿಸಿದವರು ನಮ್ಮ ನಿಮ್ಹಾನ್ಸ್‌ನಲ್ಲಿ ಹಿಂದೆ ಕೆಲಸ ಮಾಡಿದ್ದ ಮನೋವಿಜ್ಞಾನಿ. ಅದೇ ವರ್ಷ, ನಿಮ್ಹಾನ್ಸ್ ನಿರ್ದೇಶಕರ ಅಧ್ಯಕ್ಷತೆಯ ತಜ್ಞ ಸಮಿತಿ ಈ ಪರೀಕ್ಷೆಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದಿತು. ಆ ಹೊತ್ತಿಗೆ ಶಿಕ್ಷೆ ಆಗಿಹೋಗಿತ್ತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮೆದುಳಿನ ಪರೀಕ್ಷೆ ಯಾವುದನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಮಂಪರು ಪರೀಕ್ಷೆಗೆ ಒಂದು ಕಾಲದಲ್ಲಿ ದೇಶವೇ ಬೆಂಗಳೂರಿಗೆ ಬರುತ್ತಿತ್ತು. ಟಿವಿಯಲ್ಲಿ ಆ ದೃಶ್ಯಗಳನ್ನು ನೋಡಿದ ನೆನಪು ನಿಮಗೂ ಇರಬೇಕು.

ಇಂಗ್ಲೆಂಡಿನ ಒಂದು ಪ್ರಕರಣವನ್ನು ತುಸು ನಿಧಾನವಾಗಿ ಹೇಳಬೇಕು. ವಕೀಲೆಯೊಬ್ಬರ ಎರಡು ಹಸುಗೂಸುಗಳು ಒಂದರ ನಂತರ ಒಂದು ತೀರಿಕೊಂಡವು. ತಾಯಿಯೇ ಕೊಂದಳೆಂದು ಆರೋಪ. ಹೆಸರಾಂತ ಮಕ್ಕಳ ವೈದ್ಯರೊಬ್ಬರು ಕಟಕಟೆಯಲ್ಲಿ ನಿಂತು, ಇಂಥ ಕುಟುಂಬದಲ್ಲಿ ಕಾರಣ ತಿಳಿಯದೆ ಒಂದು ಕೂಸು ಸಾಯುವ ಸಂಭವ 8,543ಕ್ಕೆ ಒಂದು, ಎರಡೂ ಹಾಗೆ ಸಾಯುವ ಸಂಭವ 7.3 ಕೋಟಿಗೆ ಒಂದು ಎಂದರು. 8,543ನ್ನು ಅದರಿಂದಲೇ ಗುಣಿಸಿದರು, ಅಷ್ಟೇ. 1999ರಲ್ಲಿ ಜ್ಯೂರಿ ಆಕೆಯನ್ನು ಅಪರಾಧಿ ಎಂದಿತು.

ಆ ಗುಣಾಕಾರ ಯಾವಾಗ ಸರಿ? ಒಂದು ಸಾವಿಗೂ ಇನ್ನೊಂದಕ್ಕೂ ಏನೇನೂ ಸಂಬಂಧವಿಲ್ಲದಿದ್ದಾಗ. ಅದೇ ತಾಯಿ, ಅದೇ ತಂದೆ, ಅದೇ ಮನೆ. ಮೊದಲ ಕೂಸಿಗೆ ರಕ್ತದಲ್ಲೇ ಬಂದ ದೋಷ ಎರಡನೆಯದಕ್ಕೂ ಬಂದಿರಬಹುದಲ್ಲ? ಇನ್ನೊಂದು ಗೊಂದಲ ಇದಕ್ಕಿಂತ ಸೂಕ್ಷ್ಮ. ಎರಡು ಕೂಸುಗಳು ಹಾಗೆ ಸಾಯುವುದು ಅಪರೂಪ, ಸರಿ. ತಾಯಿಯೇ ಎರಡನ್ನೂ ಕೊಲ್ಲುವುದು? ಅದೂ ಅಪರೂಪವೇ. ತೂಗಬೇಕಾದದ್ದು ಒಂದು ಅಪರೂಪವನ್ನು ಇನ್ನೊಂದರ ಎದುರು. ಡಿಎನ್‌ಎಗೂ ಈ ಲೆಕ್ಕ ಹೊಂದುತ್ತದೆ. ಅರೆಬರೆ ಸಿಕ್ಕ ಮಾದರಿಯೊಂದು ಹತ್ತು ಲಕ್ಷಕ್ಕೆ ಒಬ್ಬರಿಗೆ ಹೊಂದುತ್ತದೆ ಎನ್ನಿ. ಕೇಳಿದರೆ ಆರೋಪಿಯ ಕಥೆ ಮುಗಿಯಿತು ಅನಿಸುತ್ತದೆ. ಆದರೆ ಬೆಂಗಳೂರಿನಲ್ಲಿರುವುದು ಒಂದು ಕೋಟಿಗೂ ಮೀರಿದ ಜನ. ಈ ಊರೊಂದರಲ್ಲೇ ಅಂಥ ಹತ್ತು ಮಂದಿ ಸಿಗಬೇಕು.

ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿಯೇ ಈ ಲೆಕ್ಕ ತಪ್ಪು ಎಂದಿತು. ತಾಯಿಯ ಬಿಡುಗಡೆಯಾದದ್ದು 2003ರಲ್ಲಿ, ಎರಡನೇ ಮೇಲ್ಮನವಿಯಲ್ಲಿ. ಆಕೆ 2007ರಲ್ಲಿ ತೀರಿಕೊಂಡರು.

ಈ ಪ್ರಕರಣದಲ್ಲಿ ತಜ್ಞರು ಕಟಕಟೆಗೆ ಬಂದಿದ್ದರು ಎಂಬುದನ್ನು ಮರೆಯಬೇಡಿ. ಕರೆಸಿದರಷ್ಟೇ ಸಾಲದು. ಆ ವೈದ್ಯರು ಮಕ್ಕಳ ಕಾಯಿಲೆ ಬಲ್ಲವರು, ಸಂಖ್ಯಾಶಾಸ್ತ್ರ ಬಲ್ಲವರಲ್ಲ. ತಮ್ಮ ಹೊಲದ ಬದು ದಾಟಿ ಪಕ್ಕದ ಹೊಲದಲ್ಲಿ ಉಳುತ್ತಿದ್ದ ತಜ್ಞರನ್ನು ತಡೆಯಬೇಕಾದವರು ಪೀಠದಲ್ಲಿದ್ದವರು.

ಅಮೆರಿಕದಲ್ಲಿ 1993ರ ಡಾಬರ್ಟ್ ತೀರ್ಪು ಈ ಕಾವಲಿನ ಕೆಲಸವನ್ನು ನೇರವಾಗಿ ನ್ಯಾಯಾಧೀಶರಿಗೇ ಒಪ್ಪಿಸಿತು. ವಿಧಾನವನ್ನು ಪರೀಕ್ಷಿಸಿ ನೋಡಿದ್ದಾರೆಯೇ, ಬೇರೆ ವಿಜ್ಞಾನಿಗಳು ಪರಿಶೀಲಿಸಿದ್ದಾರೆಯೇ, ತಪ್ಪುವ ಪ್ರಮಾಣ ಎಷ್ಟು ಎಂದು ಕೇಳಬೇಕು. ಮರುವರ್ಷವೇ ಅಲ್ಲಿನ ನ್ಯಾಯಾಧೀಶರಿಗಾಗಿ ವಿಜ್ಞಾನ ಸಾಕ್ಷ್ಯದ ಕೈಪಿಡಿ ಬಂತು. ಇಂಗ್ಲೆಂಡಿನ ರಾಯಲ್ ಸೊಸೈಟಿ 2017ರಲ್ಲಿ ಡಿಎನ್‌ಎ ಮತ್ತು ನಡಿಗೆಯ ವಿಶ್ಲೇಷಣೆಯ ಬಗ್ಗೆ ನ್ಯಾಯಾಲಯಗಳಿಗೆಂದೇ ಕಿರುಹೊತ್ತಿಗೆಗಳನ್ನು ತಂದಿತು. ಅವುಗಳ ಒಂದು ಗುಣ ನನಗೆ ಹಿಡಿಸಿತು: ವಿಜ್ಞಾನ ಏನನ್ನು ಹೇಳಲಾರದು ಎಂಬುದನ್ನೂ ಅವು ಹೇಳುತ್ತವೆ.

ನಮ್ಮಲ್ಲಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಛಾವ್ಲಾ ಅತ್ಯಾಚಾರ ಮತ್ತು ಕೊಲೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು ಬಿಡುಗಡೆ ಮಾಡಿತು. ಆ ತೀರ್ಪು ಕಹಿ ಎಂದು ಅನೇಕರಿಗೆ ಅನಿಸಿತು, ಅನಿಸಿದ್ದು ಸಹಜ. ಆದರೆ ಡಿಎನ್‌ಎ ವರದಿಯ ಬಗ್ಗೆ ಅದು ಎತ್ತಿದ ಮಾತನ್ನು ತಳ್ಳಿಹಾಕುವಂತಿಲ್ಲ. ಮಾದರಿಗಳು ಸುಮಾರು ಎರಡು ವಾರ ಪೊಲೀಸ್ ಠಾಣೆಯ ಮುದ್ದೆಮಾಲು ಕೋಣೆಯಲ್ಲಿ ಉಳಿದಿದ್ದವು. ವರದಿಯ ತೀರ್ಮಾನಕ್ಕೆ ಆಧಾರವೇನು, ವಿಧಾನವನ್ನು ಸರಿಯಾಗಿ ಅನ್ವಯಿಸಿದರೇ ಎಂದು ವಿಚಾರಣಾ ನ್ಯಾಯಾಲಯವೂ ಹೈಕೋರ್ಟೂ ನೋಡಿರಲಿಲ್ಲ. ಓದುವಾಗ ನನಗೆ ನನ್ನ ಮಚ್ಚು ನೆನಪಾಯಿತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುತ್ತಾರೆ ನಮ್ಮವರು. ನಾವು ಪ್ರತ್ಯಕ್ಷ ಸಾಕ್ಷಿಯನ್ನು ಪಾಟೀ ಸವಾಲಿನಲ್ಲಿ ಅರೆದು, ಮೊಹರು ಬಿದ್ದ ಕಾಗದಕ್ಕೆ ಕೈ ಮುಗಿಯುತ್ತೇವೆ.

ಭಾಷೆಯ ತೊಡಕೂ ಇದೆ, ಅದು ನ್ಯಾಯಾಂಗ ಅಕಾಡೆಮಿಗಳ ಪಠ್ಯದಲ್ಲಿ ಕಾಣುವುದಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ದಾಖಲಾಗುವುದು ಕನ್ನಡದಲ್ಲಿ, ವರದಿ ಬರುವುದು ಇಂಗ್ಲಿಷಿನಲ್ಲಿ. ಗಾಯವು ಕುಡುಗೋಲಿನ ಏಟಿಗೆ ‘ಕನ್ಸಿಸ್ಟೆಂಟ್’ ಎಂದು ವೈದ್ಯರು ಬರೆದರೆ, ಅದರ ಅರ್ಥ ಕುಡುಗೋಲಿನಿಂದಲೂ ಆಗಿರಬಹುದು ಎಂದಷ್ಟೇ. ಬೆರಳಚ್ಚುಗಾರರ ಕೈ ದಾಟುವಷ್ಟರಲ್ಲಿ ಅದು ‘ಕುಡುಗೋಲಿನಿಂದ ಆದ ಗಾಯ’ ಆಗಿರುತ್ತದೆ. ‘ಆಗಿರಬಹುದು’ ಮತ್ತು ‘ಆಗಿದೆ’ ಇವುಗಳ ನಡುವೆ ಒಬ್ಬ ಮನುಷ್ಯನ ಹದಿನಾಲ್ಕು ವರ್ಷ ಕಳೆದುಹೋಗಬಹುದು.

ಈಗಿನವರ ಮುಂದಿರುವುದು ಮಚ್ಚಿಗಿಂತ ಹೆಚ್ಚಾಗಿ ಮೊಬೈಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿಡಿಯೊ, ವಾಟ್ಸ್‌ಆ್ಯಪ್ ಸಂದೇಶಗಳ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ‘ಹ್ಯಾಶ್’ ಸಂಖ್ಯೆ ನಮೂದಿಸಬೇಕು. ಕಡತವನ್ನೆಲ್ಲ ಅರೆದು ತೆಗೆದ ಒಂದು ಉದ್ದ ಸಂಖ್ಯೆ ಅದು. ಒಂದು ಚುಕ್ಕಿ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ನಮೂನೆಯಲ್ಲಿ ಹೆಸರಿಸಿದ ವಿಧಾನಗಳಲ್ಲಿ ಎಂಡಿ5 ಒಂದು. ಬೇರೆ ಬೇರೆ ಎರಡು ಕಡತಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದೆಂದು 2004ರಲ್ಲೇ ತೋರಿಸಿದ್ದಾರೆ. ಅಷ್ಟರಿಂದಲೇ ಸಾಕ್ಷ್ಯ ಬಿದ್ದುಹೋಗದು. ಸಾಮಾನ್ಯ ತಿದ್ದುಪಡಿ ಅದರಲ್ಲೂ ಸಿಕ್ಕಿಬೀಳುತ್ತದೆ. ಇನ್ನೊಂದು ಪ್ರಶ್ನೆ ಹೆಚ್ಚು ಮುಖ್ಯ: ಹ್ಯಾಶ್ ತೆಗೆದದ್ದು ಜಪ್ತಿಯ ದಿನವೋ, ಮೂರು ತಿಂಗಳ ನಂತರವೋ? ತಿದ್ದಿದ ಮೇಲೆ ತೆಗೆದ ಹ್ಯಾಶ್ ತಿದ್ದಿದ ಕಡತಕ್ಕೇ ನಿಷ್ಠೆಯಿಂದ ಸಾಕ್ಷಿ ಹೇಳುತ್ತದೆ.

ಇಂಥವನ್ನು ಕಲಿಸುವುದು ಹೇಗೆ? ನಾನು ಹೋಗಿದ್ದ ಒಂದು ತರಬೇತಿಯಲ್ಲಿ ಊಟವಾದ ಮೇಲೆ ದೀಪ ಆರಿಸಿ ಎಪ್ಪತ್ತು ಸ್ಲೈಡು ತೋರಿಸಿದರು. ನಿದ್ದೆ ಸೊಗಸಾಗಿತ್ತು. ಅದರ ಬದಲು ಹೊಸ ನ್ಯಾಯಾಧೀಶರನ್ನು ಒಂದು ವಾರ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಜಿಲ್ಲೆಗೆ ಹತ್ತಿರದ ಪ್ರಯೋಗಾಲಯಕ್ಕೋ ಕಳಿಸಲಿ. ಮಾದರಿಗಳು ಯಾವ ಕಪಾಟಿನಲ್ಲಿ ಎಷ್ಟು ತಿಂಗಳು ಸರದಿ ಕಾಯುತ್ತವೆ, ಮೊಹರು ಒಡೆದಿದ್ದರೆ ಏನು ಬರೆದುಕೊಳ್ಳುತ್ತಾರೆ ಎಂದು ನೋಡಲಿ. ಒಂದೇ ಬೆರಳಚ್ಚನ್ನು ಇಬ್ಬರು ಪರೀಕ್ಷಕರಿಗೆ, ಒಬ್ಬರಿಗೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆಂದು ಹೇಳಿ, ಇನ್ನೊಬ್ಬರಿಗೆ ಏನೂ ಹೇಳದೆ ಕೊಟ್ಟು ನೋಡಲಿ. ಕೊನೆಯ ದಿನ ಹಳೆಯ ವರದಿಯೊಂದನ್ನು ಕೈಗಿಟ್ಟು, ಇದನ್ನು ಬರೆದವರಿಗೆ ಐದು ಪ್ರಶ್ನೆ ಕೇಳಿ ಎನ್ನಲಿ.

ತಜ್ಞರಿಗೆ ಊರೂರು ಅಲೆಯಲು ಪುರುಸೊತ್ತಿಲ್ಲ ಎಂಬ ಮಾತು ನನ್ನ ಕಾಲಕ್ಕೆ ನಿಜವಾಗಿತ್ತು. ಒಬ್ಬರೇ ಅಧಿಕಾರಿಗೆ ಒಂದೇ ದಿನ ಬೀದರ್ ಮತ್ತು ಚಾಮರಾಜನಗರದ ಸಮನ್ಸ್ ಬಂದದ್ದುಂಟು. ಹೊಸ ಸಂಹಿತೆಯ 530ನೇ ಕಲಂ ಸಾಕ್ಷಿ ವಿಚಾರಣೆಯನ್ನು ವಿಡಿಯೊ ಮೂಲಕ ನಡೆಸಲು ಅವಕಾಶ ಕೊಟ್ಟಿದೆ. ತಜ್ಞರು ಮಡಿವಾಳದ ತಮ್ಮ ಮೇಜಿನ ಮುಂದೆಯೇ, ಮೂಲ ಟಿಪ್ಪಣಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಶಿರಸಿಯ ನ್ಯಾಯಾಲಯಕ್ಕೆ ಉತ್ತರ ಹೇಳಬಹುದು. ಅರ್ಧ ಗಂಟೆಯ ಕೆಲಸ. ನನ್ನ ಪ್ರಕರಣದಲ್ಲಾದರೆ ಐದು ನಿಮಿಷ ಸಾಕಿತ್ತು: ಆರೋಪಿಯ ರಕ್ತದ ಗುಂಪು ಯಾವುದು, ಸಾಹೇಬರೇ?