ಅಡಚಣೆಗಾಗಿ ವಿಷಾದಿಸುತ್ತೇವೆ



ಹಾಡು ಅರ್ಧಕ್ಕೆ ನಿಂತು, ಕ್ಷಣಕಾಲ ಮೌನವಾಗಿ, ಬಳಿಕ “ಅಡಚಣೆಗಾಗಿ ವಿಷಾದಿಸುತ್ತೇವೆ” ಎಂಬ ಮಾತು ಕೇಳಿಬಂದರೆ ನೀವು ರೇಡಿಯೋ ಮುಚ್ಚುವುದಿಲ್ಲ, ಕಾಯುತ್ತೀರಿ. ಆ ಮಾತೂ ಬಾರದೆ ಬರಿಯ ಗೊರಗೊರ ಸದ್ದಾದರೆ, ನಮ್ಮ ಪೆಟ್ಟಿಗೆಯೇ ಕೆಟ್ಟಿತೋ ಎಂದು ಅದರ ತಲೆಗೆರಡು ತಟ್ಟುತ್ತೀರಿ. ಸೇವೆ ನಿಂತಾಗ ಗಿರಾಕಿಯ ನಂಬಿಕೆ ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಈಚೆಗೆ ಆ ಮಾತು ನಮ್ಮನ್ನು ತಲುಪುವುದು ಬಹುಮಟ್ಟಿಗೆ ಕೈಯೊಳಗಿನ ಫೋನಿನಲ್ಲಿ, ಸಾಮಾಜಿಕ ಜಾಲತಾಣಗಳ ಮೂಲಕ.

ಪಾಠ ಹೇಳುವವನ ಚಟ, ಮನ್ನಿಸಬೇಕು: ‘ವಿಶ್ವಾಸ’ವೆಂಬ ಪದದ ಹೊಟ್ಟೆಯಲ್ಲಿ ‘ಶ್ವಾಸ’ವಿದೆ. ನಿರಾಳವಾಗಿ ಉಸಿರಾಡುವಂತಿರುವುದೇ ವಿಶ್ವಾಸ. ಸೇವೆ ನಿಂತಾಗ ಗಿರಾಕಿ ಉಸಿರು ಬಿಗಿಹಿಡಿಯುತ್ತಾನೆ.

2021ನೆಯ ಅಕ್ಟೋಬರ್ 4ರ ರಾತ್ರಿ ನಿಮಗೆ ನೆನಪಿರಬಹುದು. ನಮ್ಮಲ್ಲಿ ಗಂಟೆ ಒಂಬತ್ತು ದಾಟಿತ್ತು. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ನಿಂತು, ಸುಮಾರು 6 ಗಂಟೆಗಳ ಕಾಲ ಜಗತ್ತಿನಲ್ಲೆಲ್ಲ ಮೂಕವಾದವು. ನಿರ್ವಹಣೆಯ ಕೆಲಸದಲ್ಲಿ ಕೊಟ್ಟ ಒಂದು ಆಜ್ಞೆ, ಆ ಕಂಪನಿಯ ದತ್ತಾಂಶ ಕೇಂದ್ರಗಳ ನಡುವಣ ಸಂಪರ್ಕವನ್ನೇ ಕಡಿದುಹಾಕಿತ್ತು. ಅಂಥ ತಪ್ಪನ್ನು ತಡೆಯಬೇಕಾದ ಸಾಧನದಲ್ಲಿಯೂ ದೋಷವಿತ್ತು. ಕ್ಷಮೆ ಕೇಳೋಣವೆಂದರೆ ಸ್ವಂತ ಬಾಯೇ ಇಲ್ಲ! ಕಡೆಗೆ ಆಗ ಟ್ವಿಟರ್ ಎನಿಸಿಕೊಂಡಿದ್ದ, 2023ರಿಂದ ಎಕ್ಸ್ ಎಂದು ಹೆಸರಾದ ಎದುರುಮನೆಯ ಜಗಲಿಯಲ್ಲಿ ನಿಂತು ಮಾತಾಡಬೇಕಾಯಿತು. ಸುದ್ದಿ ಹೇಳುವ ಬಾಯಿ ಕೆಟ್ಟುಹೋದ ಮನೆಯ ಹೊರಗಿರಬೇಕೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಹೇಳುವ ಸ್ಥಳವಾಯಿತು. ಹೇಳುವುದೇನನ್ನು? ಗಿಟ್‌ಲ್ಯಾಬ್ ಎಂಬ ಸಂಸ್ಥೆ ತಂತ್ರಾಂಶ ಬರೆಯುವವರ ಕಡತಗಳನ್ನು ಇಟ್ಟುಕೊಳ್ಳುವ ಉಗ್ರಾಣವಿದ್ದಂತೆ. 2017ನೆಯ ಜನವರಿ 31ರಂದು ಅದರ ತಂತ್ರಜ್ಞನೊಬ್ಬ, ಒಂದು ಯಂತ್ರದಲ್ಲಿ ಅಳಿಸಬೇಕಾದುದನ್ನು ಮತ್ತೊಂದರಲ್ಲಿ ಅಳಿಸಿಬಿಟ್ಟ. ಕೂಡಲೇ ಕೈ ಹಿಂದೆಗೆದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಆಪತ್ಕಾಲಕ್ಕೆಂದು ಮಾಡಿಕೊಂಡಿದ್ದ ನಕಲು ವ್ಯವಸ್ಥೆಗಳೂ ಕೈಕೊಟ್ಟವು. 6 ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿತು. ಬೇರೆಯವರಾಗಿದ್ದರೆ “ತಾಂತ್ರಿಕ ಕಾರಣ” ಎಂದು ಕೈತೊಳೆದುಕೊಳ್ಳುತ್ತಿದ್ದರು. ಇವರು ನಡೆದದ್ದನ್ನು ನಡೆದಂತೆಯೇ ಟ್ವಿಟರಿನಲ್ಲಿ ಹೇಳಿದರು. ದುರಸ್ತಿಯ ಟಿಪ್ಪಣಿಗಳನ್ನು ಯಾರು ಬೇಕಾದರೂ ಓದುವಂತೆ ತೆರೆದಿಟ್ಟರು. ದುರಸ್ತಿಯನ್ನೇ ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ತಪ್ಪನ್ನು ಆ ಒಬ್ಬನ ತಲೆಗೆ ಕಟ್ಟಲಿಲ್ಲ. ಹೀಗೆ ಬಯಲಲ್ಲಿ ನಿಂತದ್ದನ್ನು ಮೆಚ್ಚಿದವರು ಬಹಳ. ಆದರೂ ಆ 6 ಗಂಟೆಗಳಲ್ಲಿ ಜನ ಬರೆದದ್ದು ಮರಳಿ ಬರಲಿಲ್ಲ. ನಿಜ ಹೇಳಿದರೆ ನಷ್ಟ ತುಂಬುವುದಿಲ್ಲವಷ್ಟೆ.

ನಮ್ಮ ಬಡಾವಣೆಯ ಮಾತಿಗೆ ಬರುತ್ತೇನೆ. ಹತ್ತನೆಯ ತರಗತಿಯ ಪರೀಕ್ಷೆಯ ಹಿಂದಿನ ಸಂಜೆ ಗಾಳಿಮಳೆ ಬಂದು ಕರೆಂಟು ಹೋಯಿತು. ಸಂಬಂಧಪಟ್ಟ ಕಚೇರಿಯ ಜಾಲತಾಣದ ಪುಟದಲ್ಲಿ ಬೆಳಗ್ಗೆ ಹಾಕಿದ ಹಬ್ಬದ ಶುಭಾಶಯವೊಂದು ನಗುತ್ತ ಕುಳಿತಿತ್ತು. ಅದರ ಕೆಳಗೆ ತಂದೆತಾಯಂದಿರ ಬೈಗುಳ ಸಾಲುಗಟ್ಟಿತು, ಉತ್ತರವಿಲ್ಲ. ನನ್ನ ವಿದ್ಯಾರ್ಥಿಯೊಬ್ಬಳು ಫೋನ್ ಮಾಡಿ, “ಸಾರ್, ಕಾಯೋದಾ, ಅಜ್ಜಿ ಮನೆಗೆ ಹೋಗಿ ಓದೋದಾ?” ಎಂದಳು. ನಾನೇನು ಹೇಳಲಿ?

ಏಳೂವರೆಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಲೈನ್‌ಮನ್ ಒಬ್ಬ ಬರೆದ: “ಎರಡು ಕಂಬ ಬಿದ್ದಿವೆ. ಹತ್ತರವರೆಗೂ ಕರೆಂಟು ಬರಲ್ಲ. ಹತ್ತಕ್ಕೆ ಮತ್ತೆ ತಿಳಿಸ್ತೀನಿ.” ಜೊತೆಗೆ ಮುರಿದ ಕಂಬದ ಚಿತ್ರ. ಹುಡುಗಿ ಪುಸ್ತಕ ಕಟ್ಟಿಕೊಂಡು ಅಜ್ಜಿಯ ಮನೆಗೆ ಹೊರಟಳು. ಸರಿಯಾಗಿ ಹತ್ತಕ್ಕೆ ಅವನ ಎರಡನೆಯ ಮಾತು ಬಂತು: “ಇನ್ನೂ ಒಂದು ಗಂಟೆ ಬೇಕು.” ಯಾರೂ ಬೈಯಲಿಲ್ಲ. ಹಿರಿಯರೊಬ್ಬರು ಕೆಳಗೆ ಬರೆದಿದ್ದರು: “ಊಟ ಆಯ್ತೇನಪ್ಪಾ?”