ಸೊನ್ನೆಯನ್ನು ನಂಬುವ ಮೊದಲು

ಹವ್ಯಾಸಿ ರೇಡಿಯೋದವರು ಕಿಟ್ ತಂದು, ತಾವೇ ಬೆಸುಗೆ ಹಾಕಿ ಆಂಟೆನಾ ಟ್ಯೂನರ್ ಕಟ್ಟಿಕೊಳ್ಳುವುದುಂಟು. ಮುಗಿದ ಕೂಡಲೇ ಆಂಟೆನಾಗೆ ಸಿಕ್ಕಿಸುವ ಆತುರ ಸಹಜ. ಆದರೆ ಮೊದಲು ಬೇಕಾದದ್ದು 50 ಓಮ್‌ನ ಡಮ್ಮಿ ಲೋಡ್, ಅಂದರೆ ಆಂಟೆನಾದ ಬದಲಿಗೆ ಸಿಕ್ಕಿಸುವ ರೆಸಿಸ್ಟರ್. ಟ್ಯೂನರನ್ನು ಬೈಪಾಸ್‌ನಲ್ಲಿಟ್ಟು, ಹಿಂದಿರುಗುವ ಶಕ್ತಿಯ ಮುಳ್ಳು ಸೊನ್ನೆಗಿಳಿಯುವಂತೆ ಅದರ ಮೀಟರಿನ ಟ್ರಿಮ್ಮರ್ ತಿರುಗಿಸಬೇಕು. ಮುಳ್ಳು ಹೇಗೂ ಒಂದು ಕಡೆ ಇಳಿದೇ ಇಳಿಯುತ್ತದಲ್ಲ, ಇಷ್ಟು ನಿಖರತೆ ಏಕೆ ಎನ್ನಬಹುದು. ಇಳಿಯುತ್ತದೆ, ನಿಜ, ಆದರೆ ಅಳೆಯುವ ಸರ್ಕ್ಯೂಟ್ 70 ಓಮ್‌ಗೆ ಹೊಂದಿಕೊಂಡಿದ್ದರೆ ಸೊನ್ನೆ ಸಿಗುವುದೂ 70ರಲ್ಲೇ, ಟ್ರಾನ್ಸ್‌ಮಿಟರ್ ಕೇಳುವುದು ಮಾತ್ರ 50. ಆಮೇಲೆ 100 ಮತ್ತು 25 ಓಮ್‌ಗಳ ರೆಸಿಸ್ಟರ್‌ಗಳನ್ನೂ ಹಾಕಿ ನೋಡಬೇಕು. ಎರಡಕ್ಕೂ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆ ಎಷ್ಟು ತಪ್ಪಿದೆ ಎಂದು ಹೇಳುವ ಅನುಪಾತ) 2 ಬಂದರೆ ಮೀಟರನ್ನು ನಂಬಬಹುದು.

ಆ ರೆಸಿಸ್ಟರ್‌ಗಳನ್ನೇ ನಂಬುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ಮಲ್ಟಿಮೀಟರ್ ಓಮ್ ಲೆಕ್ಕ ಹೇಳುತ್ತದೆ, ಅಷ್ಟೇ. ತಂತಿ ಸುತ್ತಿದ ರೆಸಿಸ್ಟರ್ ರೇಡಿಯೋ ಆವರ್ತನದಲ್ಲಿ ಸುರುಳಿಯಾಗಿಬಿಡುವುದು ಅದಕ್ಕೆ ಕಾಣದು. ಹಾಗಾಗಿ ಇಂಡಕ್ಟನ್ಸ್ ಕಡಿಮೆಯಿರುವ ಕಾರ್ಬನ್ ಬಗೆಯದು ಲೇಸು. ಇಷ್ಟಾದರೂ ಸೊನ್ನೆ ಬಂತೆಂದರೆ ಆಂಟೆನಾ ಒಳ್ಳೆಯದೆಂದಲ್ಲ: ಡಮ್ಮಿ ಲೋಡ್ ಅಚ್ಚುಕಟ್ಟಾಗಿ ಸೊನ್ನೆ ತೋರಿಸುತ್ತಲೇ ಶಕ್ತಿಯನ್ನೆಲ್ಲ ಬಿಸಿಯಾಗಿಸಿ ಕಳೆಯುತ್ತದೆ.